ಹಳ್ಳಿಯ ತೆರೆಯಿಂದ ಉದ್ಯಮದ ಸಭಾಂಗಣಕ್ಕೆ: ತಂತ್ರಜ್ಞಾನೋದ್ಯಮದ ಮುಂದಾಳುಗಳೂ ದೃಶ್ಯಮಾಧ್ಯಮವೂ

ವಿಡಿಯೋ ಮೂಲಕ ಮಾತುಕತೆ ಎಂದೊಡನೆ ಬೆಂಗಳೂರಿನ ಗಾಜಿನ ಕಟ್ಟಡಗಳೂ, ಅವುಗಳ ತಂಪು ಕೋಣೆಗಳಲ್ಲಿ ಕುಳಿತು ಸಮುದ್ರದಾಚೆಯವರೊಡನೆ ವ್ಯವಹರಿಸುವ ಉದ್ಯಮಿಗಳೂ ಕಣ್ಮುಂದೆ ಬರುವುದು ಸಹಜ. ಆದರೆ ಕರ್ನಾಟಕದ ಮಟ್ಟಿಗೆ ಈ ಕಥೆ ಆರಂಭವಾದುದು ಬೆಂಗಳೂರಿನಲ್ಲಲ್ಲ. ರಾಜಧಾನಿಯಲ್ಲಿ ದೂರದರ್ಶನ ಕೇಂದ್ರ ತೆರೆದುದು ೧೯೮೧ರ ನವೆಂಬರ್ ೧ರಂದು. ಅದಕ್ಕೆ ಆರು ವರ್ಷ ಮೊದಲೇ, ೧೯೭೫ರ ಆಗಸ್ಟ್ ೧ರಂದು, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಅಂದಿನ ಗುಲಬರ್ಗಾ ಜಿಲ್ಲೆಯಲ್ಲೂ, ನೆರೆಯ ರಾಯಚೂರು, ಬಿಜಾಪುರ ಜಿಲ್ಲೆಗಳಲ್ಲೂ ಆಯ್ದ ಹಳ್ಳಿಗಳ ಜನ ಆಕಾಶಮಾರ್ಗವಾಗಿ ಬಂದ ಚಿತ್ರವನ್ನು ಕಂಡಿದ್ದರು. ಹಿಂದುಳಿದ ಪ್ರದೇಶವೆಂದು ಹೆಸರಾದ ಈ ನಾಡು ಒಂದು ವಿಷಯದಲ್ಲಿಯಾದರೂ ರಾಜಧಾನಿಗಿಂತ ಮುಂದಿತ್ತೆಂಬುದನ್ನು ಇಲ್ಲಿಯವರೇ ಇಂದು ಮರೆತಂತಿದೆ.

ಈ ಯೋಜನೆಯ ಹೆಸರು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ‘ಸೈಟ್’ ಎಂಬ ಹ್ರಸ್ವನಾಮದಿಂದ ಅದು ಪ್ರಸಿದ್ಧವಾಯಿತು. ಅಮೆರಿಕದ ನಾಸಾ ಸಂಸ್ಥೆ ೧೯೭೪ರ ಮೇ ೩೦ರಂದು ಹಾರಿಸಿದ ಎ.ಟಿ.ಎಸ್.-೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕಾಣುವ ಸ್ಥಾನಕ್ಕೆ ಸರಿಸಲಾಯಿತು. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಸಂಕೇತವು ಉಪಗ್ರಹವನ್ನು ಮುಟ್ಟಿ, ಆರು ರಾಜ್ಯಗಳ ೨೦ ಜಿಲ್ಲೆಗಳ ಸುಮಾರು ೨೪೦೦ ಹಳ್ಳಿಗಳಿಗೆ ನೇರವಾಗಿ ಇಳಿಯುತ್ತಿತ್ತು. ಹಳ್ಳಿಯಲ್ಲಿ ಅದನ್ನು ಹಿಡಿಯುತ್ತಿದ್ದುದು ಸುಮಾರು ಹತ್ತು ಅಡಿ ಅಗಲದ, ಕೋಳಿಗೂಡಿಗೆ ಕಟ್ಟುವಂತಹ ತಂತಿಬಲೆಯಿಂದ ಮಾಡಿದ ಬೋಗುಣಿಯಾಕಾರದ ಆಂಟೆನಾ. ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆ ಪೆಟ್ಟಿಗೆಗಳನ್ನು ತಯಾರಿಸಿತು. ವಿದ್ಯುತ್ತಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿಯಿಂದಲೇ ಅವು ನಡೆದವು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಎಂದು ಕಾಲವನ್ನು ಹಂಚಲಾಗಿತ್ತು. ಬೆಳಗಿನ ಅವಧಿ ಹಿಂದಿ, ಒಡಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳಿಗೆ ಸಮಪಾಲಾದುದರಿಂದ ಕನ್ನಡ ಮಕ್ಕಳ ಪಾಲಿಗೆ ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ ಬಂದವು.

ಈ ವ್ಯವಸ್ಥೆಯಲ್ಲಿ ಒಂದು ಚಮತ್ಕಾರವಿತ್ತು. ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಸಾಗಿಸಬಲ್ಲುದಾಗಿತ್ತು. ಆದುದರಿಂದ ತೆರೆಯ ಮೇಲೆ ಕಾಣುವ ರೈತನು ಒಬ್ಬನೇ ಆದರೂ ಆಂಧ್ರದ ಹಳ್ಳಿಯಲ್ಲಿ ಅವನ ಮಾತು ತೆಲುಗಿನಲ್ಲಿ ಕೇಳಿಸಿದರೆ, ಕರ್ನಾಟಕದ ಹಳ್ಳಿಯಲ್ಲಿ ಕನ್ನಡದಲ್ಲಿ ಕೇಳಿಸುತ್ತಿತ್ತು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳ ತಯಾರಿಕೆಯ ಕೇಂದ್ರವೂ ಹೈದರಾಬಾದಿನಲ್ಲಿಯೇ ಇದ್ದಿತು. ತುಟಿಯ ಚಲನೆಗೂ ನುಡಿಗೂ ಹೊಂದಿಕೆಯಾಗದೆ ಹೋಗುವುದು ಇಂತಹ ಏರ್ಪಾಟಿನಲ್ಲಿ ಅನಿವಾರ್ಯ. ಆದರೂ, ಭಾಷೆ ಬದಲಾದರೆ ಸಾಕು, ಚಿತ್ರ ಎಲ್ಲರಿಗೂ ಒಂದೇ ಆಗಬಹುದೆಂಬ ಆ ವಿಚಾರವು ಇಂದಿನ ಬಹುಭಾಷಾ ವಿಡಿಯೋಗಳ ಮೂಲದಲ್ಲಿಯೂ ಇದೆ.

ಇದಕ್ಕೂ ವ್ಯಾಪಾರೋದ್ಯಮಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಮೂಲಪುರುಷನಲ್ಲಿಯೇ ಇದೆ. ಈ ಯೋಜನೆಯನ್ನು ಕನಸಿದ ವಿಕ್ರಮ್ ಸಾರಾಭಾಯಿ ಅವರು ವಿಜ್ಞಾನಿಯಾಗಿದ್ದಂತೆ ಉದ್ಯಮಿ ಮನೆತನದ ಕುಡಿಯೂ ಹೌದು. ಯುದ್ಧಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ಬಳಿ ಸಂಶೋಧನೆ ನಡೆಸಿದ ಅವರು ಮುಂದೆ ಅಹಮದಾಬಾದಿನಲ್ಲಿ ಜವಳಿ ಸಂಶೋಧನಾ ಸಂಸ್ಥೆಯನ್ನೂ, ೧೯೬೦ರಲ್ಲಿ ಬಡೋದೆಯಲ್ಲಿ ಗ್ರಾಹಕರ ಮನೋಗತವನ್ನು ಅಳೆಯುವ ಆಪರೇಷನ್ಸ್ ರಿಸರ್ಚ್ ಗ್ರೂಪ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ೧೯೬೧ರಲ್ಲಿ ಅಹಮದಾಬಾದಿನ ಭಾರತೀಯ ವ್ಯವಸ್ಥಾಪನ ಸಂಸ್ಥೆ ಸ್ಥಾಪನೆಯಾಗುವುದರಲ್ಲಿಯೂ ಅವರ ಪಾತ್ರ ಹಿರಿದು. ಕೊಳ್ಳುವವನನ್ನು ಕೇಳದೆ ಸರಕು ಮಾಡಬಾರದೆಂಬ ವ್ಯಾಪಾರಿಯ ವಿವೇಕವೇ ನೋಡುವವನನ್ನು ಕೇಳದೆ ಕಾರ್ಯಕ್ರಮ ಮಾಡಬಾರದೆಂಬ ನಿಯಮವಾಗಿ ಸೈಟ್ ಪ್ರಯೋಗಕ್ಕೆ ಇಳಿದುಬಂದಿತೆಂದು ತಿಳಿಯುವುದು ತಪ್ಪಾಗಲಾರದು. ನಾಸಾದೊಡನೆ ೧೯೬೯ರಲ್ಲಿ ಒಪ್ಪಂದವಾದಾಗ ಇದ್ದ ಸಾರಾಭಾಯಿಯವರು ೧೯೭೧ರ ಡಿಸೆಂಬರ್ ೩೦ರಂದು ಕಾಲವಾದರು. ಅವರ ಕನಸನ್ನು ನೆಲಕ್ಕಿಳಿಸಿದವರು ಇ. ವಿ. ಚಿಟ್ಣಿಸ್, ಯಶಪಾಲ್ ಮೊದಲಾದವರು. ಅವರು ಎಂಜಿನಿಯರುಗಳಷ್ಟನ್ನೇ ನೆಚ್ಚಲಿಲ್ಲ. ಸಮಾಜವಿಜ್ಞಾನಿಗಳನ್ನು ಹಳ್ಳಿಗಳಿಗೆ ಕಳುಹಿಸಿದರು. ಜನ ಏನನ್ನು ನೋಡಿದರು, ಎಷ್ಟು ತಿಳಿದರು, ಯಾವಾಗ ಎದ್ದುಹೋದರು ಎಂಬುದನ್ನು ಬರೆದಿಡಿಸಿದರು.

ಆ ತಂಡದಲ್ಲಿ ದುಡಿದ ತರುಣರಲ್ಲೊಬ್ಬರು ಕಿರಣ್ ಕಾರ್ನಿಕ್. ಬಾಹ್ಯಾಕಾಶ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ಕಳೆದು, ಅಲ್ಲಿಯ ವಿಕಾಸ ಸಂವಹನ ಘಟಕದ ಮುಖ್ಯಸ್ಥರಾಗಿ, ಬಳಿಕ ಡಿಸ್ಕವರಿ ವಾಹಿನಿಯ ಭಾರತ ಶಾಖೆಯನ್ನು ನಡೆಸಿ, ೨೦೦೧ರಿಂದ ೨೦೦೮ರ ಆರಂಭದವರೆಗೆ ಅವರು ದೇಶದ ಸಾಫ್ಟ್‌ವೇರ್ ಉದ್ಯಮಗಳ ಒಕ್ಕೂಟವಾದ ನಾಸ್ಕಾಮ್‌ನ ಅಧ್ಯಕ್ಷರಾಗಿದ್ದರು. ಹಳ್ಳಿಯ ತೆರೆಯಿಂದ ಉದ್ಯಮದ ಸಭಾಂಗಣಕ್ಕೆ ದಾರಿ ಹೇಗೆ ಸಾಗಿತೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

೧೯೭೬ರ ಜುಲೈ ೩೧ರಂದು ಒಪ್ಪಂದದ ಅವಧಿ ಮುಗಿದು ಉಪಗ್ರಹವು ಮರಳಿ ಪಶ್ಚಿಮಕ್ಕೆ ಸರಿಯಿತು. ಮರುವರ್ಷ, ೧೯೭೭ರಲ್ಲಿ, ಗುಲಬರ್ಗಾದಲ್ಲಿ ನೆಲದ ಮೇಲಣ ಪ್ರಸಾರ ಕೇಂದ್ರ ನಿಂತಿತು. ಅದರ ವ್ಯಾಪ್ತಿಯೊಳಗೆ ಬಂದ ಹಳ್ಳಿಗಳಿಗೆ ಚಿತ್ರ ಮರಳಿತು, ಉಳಿದವಕ್ಕೆ ಇಲ್ಲ. ಬೆಂಗಳೂರಿನಲ್ಲಿ ನಿರ್ಮಿತವಾದ ‘ಆ್ಯಪಲ್’ ಉಪಗ್ರಹವು ೧೯೮೧ರ ಜೂನ್ ೧೯ರಂದು ಮೇಲೇರಿತು. ಪರೀಕ್ಷೆಗಾಗಿ ಅದನ್ನು ಎತ್ತಿನ ಬಂಡಿಯ ಮೇಲೆ ನಿಲ್ಲಿಸಿದ ಚಿತ್ರ ಲೋಕಪ್ರಸಿದ್ಧ. ಅದನ್ನು ಬಡತನದ ಗುರುತೆಂದು ತಿಳಿದವರೂ ಉಂಟು. ಲೋಹವಿಲ್ಲದ ವಾಹನ ಬೇಕಾಗಿತ್ತು, ಬಂಡಿ ಸಿಕ್ಕಿತು, ಅಷ್ಟೇ.

ಸೈಟ್ ಆಗಲಿ ದೂರದರ್ಶನವಾಗಲಿ ಒಮ್ಮುಖ ಮಾತು. ಇತ್ತ ಕಡೆಯವನು ಆಡುವನು, ಅತ್ತ ಕಡೆಯವನು ಕೇಳುವನು. ಉದ್ಯಮಕ್ಕೆ ಬೇಕಾದುದು ಇಮ್ಮುಖ ಮಾತು. ಇದಕ್ಕಾಗಿ ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿ ೧೯೬೪ರ ನ್ಯೂಯಾರ್ಕ್ ವಿಶ್ವಮೇಳದಲ್ಲಿಯೇ ಚಿತ್ರದೂರವಾಣಿಯನ್ನು ಪ್ರದರ್ಶಿಸಿ, ೧೯೭೦ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಾರಾಟಕ್ಕೂ ತಂದಿತು. ಅದು ಸೋತಿತು. ದರ ದುಬಾರಿಯಾಗಿದ್ದುದು ಒಂದು ಕಾರಣವಾದರೆ, ತನ್ನಲ್ಲಿ ಯಂತ್ರವಿದ್ದರೂ ಎದುರಿನವನಲ್ಲಿ ಇಲ್ಲದಿದ್ದುದು ಇನ್ನೊಂದು. ಸಂತೆಗೆ ಒಬ್ಬನೇ ಬಂದರೆ ವ್ಯಾಪಾರ ನಡೆಯದು.

ತಾಂತ್ರಿಕ ಅಡಚಣೆಗಳೂ ಇದ್ದವು. ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ. ಏರಿ ಇಳಿಯಲು ಸಂಕೇತ ೭೨,೦೦೦ ಕಿಲೋಮೀಟರ್ ಸಾಗಬೇಕು. ಸೆಕೆಂಡಿಗೆ ೩ ಲಕ್ಷ ಕಿಲೋಮೀಟರ್ ವೇಗದ ಬೆಳಕಿಗೂ ಅದಕ್ಕೆ ಕಾಲು ಸೆಕೆಂಡು ಹಿಡಿಯುತ್ತದೆ, ಉತ್ತರ ಮರಳಲು ಮತ್ತೆ ಕಾಲು ಸೆಕೆಂಡು. ಅರ್ಧ ಸೆಕೆಂಡು ಅಲ್ಪವೆನಿಸಬಹುದು. ಆದರೆ ಬೆಲೆಯ ಚೌಕಾಸಿ ನಡೆದಿರುವಾಗ ಎದುರಿನವನು ಅರ್ಧ ಸೆಕೆಂಡು ಮೌನವಾದರೆ ಅವನಿಗೆ ಒಪ್ಪಿಗೆಯಿಲ್ಲವೆಂದೇ ಮನಸ್ಸು ತಿಳಿಯುವುದು. ಸಮುದ್ರದ ತಳದಲ್ಲಿ ಹಾಯ್ದ ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ೨ ಲಕ್ಷ ಕಿಲೋಮೀಟರ್ ಓಡುವುದಾದರೂ ದಾರಿ ಚಿಕ್ಕದು. ೧೫,೦೦೦ ಕಿಲೋಮೀಟರ್ ದೂರವನ್ನು ಅದು ಸೆಕೆಂಡಿನ ಹದಿಮೂರನೆಯ ಒಂದು ಪಾಲಿನಷ್ಟರಲ್ಲಿ ಮುಟ್ಟುವುದು. ಖಂಡಾಂತರ ಸಂಭಾಷಣೆ ಸಹಜವಾದುದು ಈ ತಂತಿಗಳಿಂದ.

ಎರಡನೆಯ ಅಡಚಣೆ ಚಿತ್ರದ ಗಾತ್ರ. ಒಳ್ಳೆಯ ಗುಣಮಟ್ಟದ ಚಲಿಸುವ ಚಿತ್ರವನ್ನು ಇದ್ದುದಿದ್ದಂತೆ ಕಳುಹಿಸಲು ಸೆಕೆಂಡಿಗೆ ಸುಮಾರು ೧೫೦ ಕೋಟಿ ಬಿಟ್ ಮಾಹಿತಿ ಹರಿಯಬೇಕು. ಅಷ್ಟನ್ನು ಹಳ್ಳಿಯ ಮಾತಿರಲಿ, ಪಟ್ಟಣದ ಮನೆಯ ಸಂಪರ್ಕವೂ ತಾಳದು. ಇದಕ್ಕೆ ಕಂಡುಕೊಂಡ ಉಪಾಯ ಸರಳ. ಮಾತನಾಡುವವನ ಹಿಂದಿನ ಗೋಡೆ ಬದಲಾಗದು, ಅಂಗಿ ಬದಲಾಗದು, ಬದಲಾಗುವುದು ತುಟಿ, ಕಣ್ಣು, ಕೈ. ಯಂತ್ರವು ಮೊದಲ ಚಿತ್ರವನ್ನು ಪೂರ್ತಿಯಾಗಿ ಕಳುಹಿಸಿ, ಆಮೇಲೆ ಬದಲಾದ ಭಾಗವನ್ನು ಮಾತ್ರ ಕಳುಹಿಸುತ್ತದೆ. ೨೦೦೩ರಲ್ಲಿ ರೂಪುಗೊಂಡ ಎಚ್.೨೬೪ ಎಂಬ ಪದ್ಧತಿ ಮತ್ತು ಅದರ ನಂತರದವು ಈ ತತ್ತ್ವದಿಂದಲೇ ೧೫೦ ಕೋಟಿ ಬಿಟ್‌ಗಳ ಹೊರೆಯನ್ನು ಕೆಲವು ದಶಲಕ್ಷಕ್ಕೆ ಇಳಿಸಿದವು. ಹಿನ್ನೆಲೆಯಲ್ಲಿ ಗಾಳಿಗೆ ಪರದೆ ಹಾರಾಡುತ್ತಿದ್ದರೆ, ಜನ ಓಡಾಡುತ್ತಿದ್ದರೆ ಚಿತ್ರ ಒಡೆಯುವುದೇಕೆಂದು ಇದರಿಂದ ತಿಳಿಯುವುದು. ಬದಲಾಗುವ ಭಾಗ ಹೆಚ್ಚಾದಷ್ಟೂ ಹೊರೆ ಹೆಚ್ಚು. ಸಂಪರ್ಕ ದುರ್ಬಲವಾಗಿರುವಲ್ಲಿ ಬರಿಯ ಗೋಡೆಯ ಮುಂದೆ ಕುಳಿತವನೇ ಜಾಣ.

೨೦೦೪ರ ಹೊತ್ತಿಗೆ ಈ ಎರಡು ಅಡಚಣೆಗಳೂ ಬಹುಮಟ್ಟಿಗೆ ನೀಗಿದ್ದವು. ಆ ವರ್ಷ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ಬೆಂಗಳೂರಿಗೆ ಬಂದಾಗ ಇನ್ಫೋಸಿಸ್ ಮುಖ್ಯಸ್ಥರಾಗಿದ್ದ ನಂದನ್ ನಿಲೇಕಣಿ ಅವರು ಸಂಸ್ಥೆಯ ಜಾಗತಿಕ ಸಮ್ಮೇಳನ ಕೊಠಡಿಯನ್ನು ತೋರಿಸಿದರು. ಗೋಡೆಯಷ್ಟೇ ದೊಡ್ಡದಾದ ತೆರೆ, ಅದರ ಮೇಲ್ಗಡೆ ಬೇರೆ ಬೇರೆ ದೇಶಗಳ ಕಾಲವನ್ನು ತೋರುವ ಎಂಟು ಗಡಿಯಾರಗಳು. ಅಮೆರಿಕದ ವಿನ್ಯಾಸಕಾರನೂ, ಭಾರತದ ಸಾಫ್ಟ್‌ವೇರ್ ರಚನೆಕಾರನೂ, ಪೂರ್ವ ಏಷ್ಯದ ತಯಾರಕನೂ ಒಮ್ಮೆಗೇ ಆ ತೆರೆಯ ಮೇಲೆ ಕೂಡಬಹುದೆಂದು ನಿಲೇಕಣಿಯವರು ವಿವರಿಸಿದರು. ಆ ಭೇಟಿಯಿಂದ ಹುಟ್ಟಿದ ಪುಸ್ತಕ ೨೦೦೫ರಲ್ಲಿ ಹೊರಬಂದು ಲೋಕಾದ್ಯಂತ ಓದಿಸಿಕೊಂಡಿತು. ಅದೇ ೨೦೦೪ರ ಸೆಪ್ಟೆಂಬರ್ ೨೦ರಂದು ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಉಪಗ್ರಹವೂ ಮೇಲೇರಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠಗಳನ್ನು ತಲುಪಿಸಿತು. ೨೦೧೦ರಲ್ಲಿ ಅದರ ಆಯುಷ್ಯ ಮುಗಿಯಿತು.

ಕಾನೂನು ಕೂಡ ಹಿಂದೆಯೇ ನಡೆದು ಬಂದಿತು. ಸಾಕ್ಷಿಯನ್ನು ವಿಡಿಯೋ ಮೂಲಕ ದಾಖಲಿಸಬಹುದೆಂದು ಸುಪ್ರೀಂ ಕೋರ್ಟು ೨೦೦೩ರಲ್ಲಿ ತೀರ್ಪಿತ್ತಿತು. ನಿರ್ದೇಶಕರು ಮಂಡಳಿಯ ಸಭೆಯಲ್ಲಿ ಹೀಗೆ ಭಾಗವಹಿಸಬಹುದೆಂದು ೨೦೧೩ರ ಕಂಪನಿ ಕಾಯಿದೆ ಹೇಳಿತು. ೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯಿಂದಾಗಿ ದೇಶವೇ ಬಾಗಿಲು ಮುಚ್ಚಿದಾಗ ಷೇರುದಾರರ ವಾರ್ಷಿಕ ಮಹಾಸಭೆಗಳಿಗೂ ಸರಕಾರ ಅದೇ ಅನುಮತಿಯನ್ನಿತ್ತಿತು. ಆ ವರ್ಷದ ಜೂನ್‌ನಲ್ಲಿ ಇನ್ಫೋಸಿಸ್ ಮಹಾಸಭೆ ತೆರೆಯ ಮೇಲೆಯೇ ನಡೆಯಿತು.

ಇಷ್ಟಾದರೂ ಯಂತ್ರ ಸಿಕ್ಕ ಮಾತ್ರಕ್ಕೆ ಮಾತು ಬಂದಂತಾಗದು. ೨೦೨೦ರಿಂದೀಚಿನ ಮೂರು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದರೆ ಇದು ಸ್ಪಷ್ಟವಾಗುವುದು. ೨೦೨೦ರ ಮಾರ್ಚಿಯಲ್ಲಿ ಮ್ಯಾರಿಯಟ್ ಹೋಟೆಲುಗಳ ಮುಖ್ಯಸ್ಥ ಆರ್ನೆ ಸೊರೆನ್ಸನ್ ತಮ್ಮ ನೌಕರರಿಗೆ ಒಂದು ವಿಡಿಯೋ ಕಳುಹಿಸಿದರು. ಅವರು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು ತಲೆಗೂದಲು ಉದುರಿಹೋಗಿತ್ತು. ಆ ರೂಪದಲ್ಲಿಯೇ ಅವರು ಕಾಣಿಸಿಕೊಂಡು, ವ್ಯಾಪಾರ ಎಷ್ಟು ಕುಸಿದಿದೆಯೆಂಬುದನ್ನು ಮುಚ್ಚಿಡದೆ ತಿಳಿಸಿ, ವರ್ಷದ ಉಳಿದ ಕಾಲ ತಾವು ಸಂಬಳ ತೆಗೆದುಕೊಳ್ಳುವುದಿಲ್ಲವೆಂದು ಹೇಳಿದರು. ಕೆಲಸ ಕಳೆದುಕೊಳ್ಳಲಿರುವವರಿಗೆ ಹೇಳಿದ ಆ ಮಾತು ಇಂದಿಗೂ ಉದಾಹರಣೆಯಾಗಿ ಉಳಿದಿದೆ. ಮುಂದಿನ ವರ್ಷದ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ೨೦೨೧ರ ಡಿಸೆಂಬರಿನಲ್ಲಿ ಅಂತರಜಾಲದ ಮೂಲಕ ಗೃಹಸಾಲ ನೀಡುವ ಬೆಟರ್ ಡಾಟ್ ಕಾಮ್ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್ ಸುಮಾರು ೯೦೦ ಮಂದಿಯನ್ನು ಒಂದೇ ವಿಡಿಯೋ ಕರೆಗೆ ಸೇರಿಸಿ, ಕರೆಯಲ್ಲಿದ್ದವರೆಲ್ಲರ ಕೆಲಸ ಹೋಯಿತೆಂದು ಕೆಲವೇ ನಿಮಿಷಗಳಲ್ಲಿ ತಿಳಿಸಿದರು. ಬಳಿಕ ಅವರು ಕ್ಷಮೆ ಕೇಳಬೇಕಾಯಿತು. ೨೦೨೨ರ ಮಾರ್ಚಿಯಲ್ಲಿ ಬ್ರಿಟನ್ನಿನ ಪಿ. ಅಂಡ್ ಓ. ಹಡಗು ಕಂಪನಿ ಮೊದಲೇ ಧ್ವನಿಮುದ್ರಿಸಿದ ವಿಡಿಯೋ ತೋರಿಸಿ ಸುಮಾರು ೮೦೦ ನಾವಿಕರನ್ನು ಮನೆಗೆ ಕಳುಹಿಸಿತು. ಮೂರರಲ್ಲಿಯೂ ಸುದ್ದಿ ಕೆಟ್ಟದ್ದೇ, ಯಂತ್ರ ಒಂದೇ ಬಗೆಯದು. ಮೊದಲನೆಯವರು ತಮ್ಮ ಪಾಲಿನ ನಷ್ಟವನ್ನು ಮೊದಲು ಹೇಳಿದರು. ಕೊನೆಯದರಲ್ಲಿ ಎದುರಿಗಿದ್ದವನಿಗೆ ಪ್ರಶ್ನೆ ಕೇಳುವ ದಾರಿಯೇ ಇರಲಿಲ್ಲ.

ಶ್ರಾವಣಮಾಸದ ಪುರಾಣದಲ್ಲಿ ಪ್ರವಚನಕಾರರು ಶ್ರೋತೃಗಳ ಮುಖ ನೋಡುತ್ತ ಮಾತಿನ ಗತಿಯನ್ನು ಬದಲಿಸುತ್ತಾರೆ. ಹಿಂದಿನ ಸಾಲಿನವರು ತೂಕಡಿಸಿದರೆ ಒಂದು ಹಾಸ್ಯ, ಹೆಣ್ಣುಮಕ್ಕಳ ಕಣ್ಣು ಒದ್ದೆಯಾದರೆ ಅಲ್ಲಿ ತುಸು ನಿಲುಗಡೆ. ಕ್ಯಾಮರಾಕ್ಕೆ ಮುಖವಿಲ್ಲ. ಇದೇ ವಿಡಿಯೋ ಮಾತಿನ ಮುಖ್ಯ ಕೊರತೆ. ಅದನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಹುದು. ತೆರೆಯಲ್ಲಿ ಕಾಣುವ ಮುಖವನ್ನು ನೋಡುತ್ತ ಮಾತನಾಡಿದರೆ, ಕ್ಯಾಮರಾ ಅದಕ್ಕಿಂತ ಮೇಲಿರುವುದರಿಂದ, ಎದುರಿನವರಿಗೆ ಮಾತನಾಡುವವನು ತಲೆ ತಗ್ಗಿಸಿದಂತೆ ಕಾಣುತ್ತಾನೆ. ಕ್ಯಾಮರಾದ ಕಣ್ಣನ್ನೇ ನೋಡಿದಾಗ ಮಾತ್ರ ಕಣ್ಣಿಗೆ ಕಣ್ಣು ಸೇರಿದಂತಾಗುವುದು. ಬೆಳಕು ಮುಖದ ಮುಂದಿರಬೇಕು, ಬೆನ್ನ ಹಿಂದೆ ಕಿಟಕಿಯಿದ್ದರೆ ಮುಖ ಕಪ್ಪಾಗುವುದು. ಎಲ್ಲಕ್ಕಿಂತ ಮುಖ್ಯವಾದುದು ಧ್ವನಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ತುಂಡಾದರೆ ಎದ್ದುಹೋಗುತ್ತಾರೆ. ಸಾವಿರಾರು ರೂಪಾಯಿಯ ಕ್ಯಾಮರಾ ಕೊಂಡು ಮೈಕಿಗೆ ಹಣ ಕೊಡಲು ಹಿಂಜರಿಯುವವರು ಇದನ್ನು ಗಮನಿಸತಕ್ಕದ್ದು.

ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬೆಂಗಳೂರಿನ ತಂತ್ರಜ್ಞಾನೋದ್ಯಮದ ಮುಂದಾಳುಗಳು ಷೇರುದಾರರೊಡನೆ, ವಿದೇಶದ ಗಿರಾಕಿಗಳೊಡನೆ ಇಂಗ್ಲಿಷಿನಲ್ಲಿ ವ್ಯವಹರಿಸುವುದು ಸಹಜವೇ. ಆದರೆ ಅವರ ಸರಕು ಈಗ ಹಳ್ಳಿಗೂ ಬಂದಿದೆ. ಹಣ ಪಾವತಿಯ ವ್ಯವಸ್ಥೆ, ಬೆಳೆಯ ಬೆಲೆ ತಿಳಿಸುವ ವ್ಯವಸ್ಥೆ, ವಿಮೆ ಎಲ್ಲವೂ ಜೇವರ್ಗಿಯ ತೊಗರಿ ಬೆಳೆಗಾರನ ಜೇಬಿನಲ್ಲಿವೆ. ಅವುಗಳ ಉಪಯೋಗವನ್ನು ತಿಳಿಸುವ ವಿಡಿಯೋಗಳಲ್ಲಿ ಅನೇಕವು ಇಂಗ್ಲಿಷಿನಿಂದ ತಂದ ಗಡುಸಾದ ಕನ್ನಡದಲ್ಲಿರುತ್ತವೆ. ಉರ್ದು, ಮರಾಠಿ, ತೆಲುಗುಗಳ ಒಡನಾಟದಲ್ಲಿ ಬೆಳೆದ ಭೀಮಾತೀರದ ಕನ್ನಡಕ್ಕೆ ಅದು ದೂರದ ನುಡಿ. ೧೯೭೫ರಲ್ಲಿ ಒಂದು ಚಿತ್ರಕ್ಕೆ ಎರಡು ಧ್ವನಿ ಸೇರಿಸಲು ಉಪಗ್ರಹವೇ ಬೇಕಾಗಿತ್ತು, ಇಂದು ಹತ್ತು ಧ್ವನಿ ಸೇರಿಸುವುದೂ ಕಷ್ಟವಲ್ಲ. ಕೊರತೆಯಿರುವುದು ಯಂತ್ರದಲ್ಲಲ್ಲ, ಕೇಳುವ ಮನಸ್ಸಿನಲ್ಲಿ.

ಈ ಸಾಧನಕ್ಕೆ ಈಗ ಒಂದು ಅಪಾಯವೂ ಅಂಟಿಕೊಂಡಿದೆ. ದಾನಿಗಳೂ ವರ್ತಕರೂ ಇದನ್ನು ಅಗತ್ಯವಾಗಿ ತಿಳಿದಿರಬೇಕು. ೨೦೨೪ರ ಆರಂಭದಲ್ಲಿ ಹಾಂಗ್‌ಕಾಂಗಿನಲ್ಲಿ ಅರೂಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಸಂಸ್ಥೆಯ ಹಣಕಾಸು ವಿಭಾಗದ ನೌಕರನೊಬ್ಬನಿಗೆ ಲಂಡನ್ನಿನ ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿ ಸಂದೇಶ ಬಂದಿತು. ಅವನಿಗೆ ಮೊದಲು ಸಂಶಯ ಬಂದಿತ್ತು. ವಿಡಿಯೋ ಕರೆಯಲ್ಲಿ ಅಧಿಕಾರಿಯನ್ನೂ ಪರಿಚಿತ ಸಹೋದ್ಯೋಗಿಗಳನ್ನೂ ಕಂಡ ಮೇಲೆ ಸಂಶಯ ತೀರಿ, ಹದಿನೈದು ಕಂತುಗಳಲ್ಲಿ ೨೦ ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ವರ್ಗಾಯಿಸಿದನು. ಆ ಕರೆಯಲ್ಲಿ ಅವನೊಬ್ಬನ ಹೊರತು ಉಳಿದ ಮುಖಗಳೆಲ್ಲವೂ ಯಂತ್ರ ಕಲ್ಪಿಸಿದವು. ಕರ್ನಾಟಕವೂ ಇದರಿಂದ ಹೊರತಾಗಲಿಲ್ಲ. ಇನ್ಫೋಸಿಸ್ ಸಂಸ್ಥಾಪಕ ನಾರಾಯಣ ಮೂರ್ತಿಯವರು ಹಣ ಹೂಡಿಕೆಯ ಯಾವುದೋ ಯಂತ್ರವನ್ನು ಹೊಗಳಿದಂತೆ ತೋರುವ ನಕಲಿ ವಿಡಿಯೋಗಳು ಹಬ್ಬಿದಾಗ, ಅವನ್ನು ನಂಬಬಾರದೆಂದು ೨೦೨೩ರ ಡಿಸೆಂಬರಿನಲ್ಲಿ ಅವರೇ ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಅದೇ ತಿಂಗಳು ಕಿಡಿಗೇಡಿಗಳು ನುಸುಳಿ ಅಶ್ಲೀಲ ದೃಶ್ಯ ತೋರಿಸಿದುದರಿಂದ ಕರ್ನಾಟಕ ಹೈಕೋರ್ಟು ತನ್ನ ವಿಡಿಯೋ ಕಲಾಪವನ್ನೂ ನೇರ ಪ್ರಸಾರವನ್ನೂ ಕೆಲಕಾಲ ನಿಲ್ಲಿಸಿತು.

ನಾರಾಯಣ ಮೂರ್ತಿಯವರಂತಹವರ ಮುಖವನ್ನೇ ಕಳ್ಳರು ಆರಿಸಿಕೊಳ್ಳುವುದೇಕೆ? ಜನಕ್ಕೆ ಅವರಲ್ಲಿ ವಿಶ್ವಾಸವಿದೆ, ಅದಕ್ಕೆ. ವರ್ಷಗಟ್ಟಲೆ ಕೂಡಿಬಂದ ವಿಶ್ವಾಸವೇ ಇಲ್ಲಿ ಕಳವಾಗುವ ಆಸ್ತಿ. ಅಫಜಲಪುರದಲ್ಲಿ ನಿವೃತ್ತಿಯ ಹಣ ಬ್ಯಾಂಕಿನಲ್ಲಿಟ್ಟ ಶಿಕ್ಷಕನಾಗಲಿ, ಆಳಂದದ ಅಡತಿ ವ್ಯಾಪಾರಿಯಾಗಲಿ ಇಂತಹ ವಿಡಿಯೋವನ್ನು ಕೈಯಲ್ಲಿಯ ಫೋನಿನಲ್ಲಿ ಕಂಡಾಗ ಮೊದಲು ಮಾಡಬೇಕಾದುದು ಹಣದ ಮಾತಿದ್ದರೆ ಅದನ್ನು ಅಲ್ಲಿಗೆ ನಿಲ್ಲಿಸುವುದು. ಆಮೇಲೆ ತನಗೆ ಮೊದಲೇ ಗೊತ್ತಿರುವ ನಂಬರಿಗೆ ತಾನೇ ಕರೆಮಾಡಿ ವಿಚಾರಿಸುವುದು. ವಿಡಿಯೋದೊಡನೆ ಬಂದ ನಂಬರಿಗೆ ಕರೆ ಮಾಡಿದರೆ ಪ್ರಯೋಜನವಿಲ್ಲ, ಅತ್ತ ಕಡೆ ಇರುವವನು ಕಳ್ಳನೇ. ದೊಡ್ಡ ಕಂಪನಿಗಳು ಇಂದು ಹಣ ವರ್ಗಾವಣೆಗೆ ಇಬ್ಬರ ಒಪ್ಪಿಗೆಯನ್ನು ಕಡ್ಡಾಯ ಮಾಡಿರುವುದು ಇದೇ ಭಯದಿಂದ. ಸಣ್ಣ ಅಂಗಡಿಯಲ್ಲಿಯೂ ತಂದೆ-ಮಗ ಇಬ್ಬರೂ ಒಪ್ಪಿದ ಮೇಲೆ ಹಣ ಹೋಗಲಿ ಎಂಬ ನಿಯಮಕ್ಕೆ ಖರ್ಚೇನೂ ಇಲ್ಲ.

ಇನ್ನು ಶಾಲೆಗಳ ಮಾತು. ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಓದಿ ಬೆಂಗಳೂರು, ಪುಣೆ, ಹೈದರಾಬಾದುಗಳ ಉದ್ಯಮಗಳಲ್ಲಿ ಹಿರಿಯ ಸ್ಥಾನದಲ್ಲಿರುವವರು ವಾರ್ಷಿಕೋತ್ಸವಕ್ಕೆ ಬರಲಾಗದಿದ್ದಾಗ ಒಂದು ವಿಡಿಯೋ ಶುಭಾಶಯ ಕಳುಹಿಸುವ ರೂಢಿ ಬೆಳೆದಿದೆ. ಶುಭಾಶಯದಿಂದ ಮಕ್ಕಳಿಗೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಅದೇ ವ್ಯಕ್ತಿ ತಿಂಗಳಿಗೊಮ್ಮೆ ನೇರವಾಗಿ ತೆರೆಯ ಮೇಲೆ ಬಂದು, ತಾನು ದಿನವೂ ಮಾಡುವ ಕೆಲಸವೇನು, ಅದಕ್ಕೆ ಯಾವ ಗಣಿತ ಬೇಕಾಯಿತು, ಯಾವುದರಲ್ಲಿ ಮೊದಲು ನಪಾಸಾದೆ ಎಂದು ತನ್ನೂರಿನ ಮಾತಿನಲ್ಲಿಯೇ ಹೇಳಿದರೆ ಅದರ ಬೆಲೆ ಬೇರೆ. ಇದಕ್ಕೆ ಶಿಕ್ಷಕರ ಸಿದ್ಧತೆ ಅಗತ್ಯ. ಸೈಟ್ ವರ್ಷದಲ್ಲಿ ಪ್ರಾಥಮಿಕ ಶಾಲೆಗಳ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟಾಗಲೂ ದೂರದರ್ಶನವೊಂದನ್ನೇ ನೆಚ್ಚಿರಲಿಲ್ಲ. ರೇಡಿಯೋ, ಮುದ್ರಿತ ಪಾಠ, ಕೈಯಾರೆ ಮಾಡುವ ಪ್ರಯೋಗ, ಎದುರಿಗೆ ನಿಂತು ಸಂದೇಹ ಬಿಡಿಸುವ ಮಾರ್ಗದರ್ಶಕ ಎಲ್ಲವೂ ಜೊತೆಗಿದ್ದವು. ಹಾಗೆಯೇ ಇಲ್ಲಿಯೂ ಮಕ್ಕಳ ಪ್ರಶ್ನೆಗಳನ್ನು ಹಿಂದಿನ ದಿನವೇ ಚೀಟಿಗಳಲ್ಲಿ ಬರೆಸಿಕೊಂಡು, ಹೆಸರು ಕರೆದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿಸಬೇಕು. ತೆರೆ ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿರಬೇಕು. ವಿದ್ಯುತ್ ಹೋದರೆ ಫೋನಿನ ಧ್ವನಿಯಲ್ಲಾದರೂ ಮಾತು ಮುಂದುವರಿಯುವ ಏರ್ಪಾಟಿರಬೇಕು. ಅತಿಥಿಗಳ ಮಾತು ೧೯೭೫ರಲ್ಲಿ ಕನ್ನಡ ಮಕ್ಕಳಿಗೆ ದೊರೆತ ಆ ಇಪ್ಪತ್ತೆರಡೂವರೆ ನಿಮಿಷಗಳನ್ನು ಮೀರದಿದ್ದರೆ ಒಳ್ಳೆಯದು, ಅದರಲ್ಲಿ ಅರ್ಧ ಮಕ್ಕಳ ಪ್ರಶ್ನೆಗಳಿಗೆ ಮೀಸಲಾಗಿದ್ದರೆ ಇನ್ನೂ ಒಳ್ಳೆಯದು.